ಲಿವರ್‌ವರ್ಟ್: ಹೆಸರಿಗೆ ಯಕೃತ್ತು ಅಂಟಿಕೊಂಡದ್ದು ಹೇಗೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬಾವಿಕಟ್ಟೆಯ ಕಲ್ಲುಗಳ ಮೇಲೆ ಚಪ್ಪಟೆಯಾದ ಹಸಿರು ಸಸ್ಯವೊಂದು ಹಬ್ಬುತ್ತದೆ. ಮನೆಯಲ್ಲಿ ಅದನ್ನೂ ಹಾವಸೆ ಎಂದೇ ಕರೆಯುತ್ತೇವೆ. ಪಿಯುಸಿ ಓದುವ ಮಗಳು ಅದು ‘ಲಿವರ್‌ವರ್ಟ್’ ಎನ್ನುತ್ತಾಳೆ. ಲಿವರ್ ಎಂದರೆ ಯಕೃತ್ತು ತಾನೆ? ಹಾಗಾದರೆ ಇದು ಕಾಮಾಲೆಗೆ ಮದ್ದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾಮಾಲೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಹೆಸರು ನಂಬಿ ಇದನ್ನು ಅರೆದು ಕುಡಿಯಬೇಡಿ. ಕಣ್ಣು ಹಳದಿಯಾದರೆ ವೈದ್ಯರ ಬಳಿಗೆ ಹೋಗಿ. ಮಗಳು ಹೇಳಿದ ಹೆಸರು ಮಾತ್ರ ಸರಿಯಾಗಿದೆ.

‘ವರ್ಟ್’ ಎಂಬುದು ಹಳೆಯ ಇಂಗ್ಲಿಷಿನ ‘ವಿರ್ಟ್’ನಿಂದ ಬಂದದ್ದು. ಗಿಡ, ಮೂಲಿಕೆ ಎಂದು ಅದರ ಅರ್ಥ. ಇನ್ನು ಲಿವರ್ ಬಂದದ್ದು ಆಕಾರದಿಂದ. ಕಾಂಡ, ಎಲೆ ಎಂಬ ಭೇದವಿಲ್ಲದೆ ನೆಲಕ್ಕೊರಗಿದ ಈ ಸಸ್ಯದ ದೇಹ ಅಂಚಿನಲ್ಲಿ ಸೀಳಿಕೊಂಡು ಹಾಲೆಹಾಲೆಯಾಗಿರುತ್ತದೆ. ಯುರೋಪಿನ ಹಳೆಯ ಮೂಲಿಕೆ ವೈದ್ಯರ ಕಣ್ಣಿಗೆ ಅದು ಯಕೃತ್ತಿನ ಹಾಲೆಗಳಂತೆ ಕಂಡಿತು. ಲ್ಯಾಟಿನ್‌ನಲ್ಲಿ ‘ಹೆಪಾಟಿಕಾ’ ಎಂದರು. ಯಕೃತ್ತಿನ ಗ್ರೀಕ್ ಹೆಸರಾದ ‘ಹೆಪಾರ್’ ಅದರ ಮೂಲ. ಹೆಪಟೈಟಿಸ್‌ನಲ್ಲಿರುವುದೂ ಅದೇ.

ಕಂಡದ್ದಕ್ಕೆ ಹೆಸರಿಟ್ಟು ಸುಮ್ಮನಾಗಿದ್ದರೆ ತೊಂದರೆಯಿರಲಿಲ್ಲ. ಯಾವ ಅಂಗವನ್ನು ಹೋಲುತ್ತದೋ ಆ ಅಂಗದ ರೋಗಕ್ಕೆ ಅದೇ ಮದ್ದು, ದೇವರೇ ಗಿಡದ ಮೇಲೆ ಗುರುತು ಒತ್ತಿ ಕಳಿಸಿದ್ದಾನೆ ಎಂಬ ನಂಬಿಕೆ ಅಲ್ಲಿ ಬೇರೂರಿತ್ತು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಇದಕ್ಕೆ ಸಿದ್ಧಾಂತದ ಗೌರವ ಕೊಟ್ಟ. 1588ರಲ್ಲಿ ಇಟಲಿಯ ವಿದ್ವಾಂಸ ಡೆಲ್ಲಾ ಪೋರ್ಟಾ ಇದರ ಮೇಲೆ ಚಿತ್ರಸಹಿತ ಗ್ರಂಥವನ್ನೇ ಹೊರತಂದ. ಅಕ್ರೋಟು ಮಿದುಳಿಗೆ, ಚುಕ್ಕೆಯೆಲೆಯ ‘ಲಂಗ್‌ವರ್ಟ್’ ಶ್ವಾಸಕೋಶಕ್ಕೆ ಎಂಬ ಮಾತುಗಳೆಲ್ಲ ಈ ತರ್ಕದವೇ. ಅಕ್ರೋಟಿನದು ಈಗಲೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ! ನಮ್ಮಲ್ಲಿ ಕಾಮಾಲೆಗೆ ಕೊಡುವ ನೆಲನೆಲ್ಲಿ ಯಕೃತ್ತಿನಂತೆ ಕಾಣುವುದೇ ಇಲ್ಲ, ನೋಡಿ.

ಯಕೃತ್ತಿರಲಿ, ಈ ಸಸ್ಯಕ್ಕೆ ನಿಜವಾದ ಬೇರೂ ಇಲ್ಲ, ಹೂವೂ ಇಲ್ಲ. ನೀರು ಸಾಗಿಸುವ ಕೊಳವೆಗಳು ಬೆಳೆದಿಲ್ಲ. ಕಲ್ಲಿಗೆ ಹಿಡಿದುಕೊಳ್ಳಲು ಎಳೆಗಳಂಥ ರೈಜಾಯ್ಡ್‌ಗಳಿವೆ, ಅಷ್ಟೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೂಡ 1753ರಲ್ಲಿ ಇದನ್ನು ಪಾಚಿಗಳ ಸಾಲಿಗೇ ಸೇರಿಸಿದ್ದ. ಆದ್ದರಿಂದ ನೀವು ಹಾವಸೆ ಎಂದದ್ದಕ್ಕೆ ಮಗಳೆದುರು ನಾಚಬೇಕಿಲ್ಲ. ನೆಲದ ಮೇಲಿನ ಅತಿ ಹಳೆಯ ಸಸ್ಯವಂಶಗಳಲ್ಲಿ ಇದೂ ಒಂದು. ಅರ್ಜೆಂಟೀನಾದಲ್ಲಿ ಸಿಕ್ಕ, ಸುಮಾರು 47 ಕೋಟಿ ವರ್ಷಗಳಷ್ಟು ಹಳೆಯ ಬೀಜಾಣುಗಳು ಇದರ ಬೀಜಾಣುಗಳನ್ನು ಹೋಲುತ್ತವೆ.

ನಿಮ್ಮ ಬಾವಿಕಟ್ಟೆಯದು ಮಾರ್ಕಾಂಶಿಯಾ ಎಂಬ ಲಿವರ್‌ವರ್ಟ್ ಇರಬಹುದು. ಆ ಹೆಸರಿನಲ್ಲಿ ಅಂಗವೂ ಇಲ್ಲ, ರೋಗವೂ ಇಲ್ಲ: ಫ್ರಾನ್ಸಿನ ಜಾನ್ ಮಾರ್ಶಾಂ 1713ರಲ್ಲಿ, ಸಸ್ಯವಿಜ್ಞಾನಿಯಾಗಿದ್ದ ತನ್ನ ತಂದೆ ನಿಕೊಲಾ ಮಾರ್ಶಾಂ ನೆನಪಿಗೆ ಇಟ್ಟದ್ದು. ಮೇಲ್ಮೈಯಲ್ಲಿ ದುಂಡನೆಯ ಪುಟ್ಟ ಬಟ್ಟಲುಗಳಿವೆಯೇ ಎಂದು ಮಗಳಿಗೆ ಭೂತಗನ್ನಡಿ ಕೊಟ್ಟು ನೋಡಲು ಹೇಳಿ. ಒಳಗಿನ ಹಸಿರು ಕಣಗಳು ಮಳೆಹನಿಯ ಏಟಿಗೆ ಸಿಡಿದು ಬಿದ್ದಲ್ಲಿ ಹೊಸ ಸಸ್ಯವಾಗುತ್ತವೆ.