ಬೀಜಕ್ಕೆ ಗಾಮಾ ಕಿರಣ ಹಾಯಿಸಿದರೆ ಹಣ್ಣಿನ ಇಳುವರಿ ಹೆಚ್ಚುತ್ತದೆಯೇ?

ನೇರವಾಗಿ ಇಲ್ಲ. ಕಿರಣವು ವಂಶವಾಹಿಗಳನ್ನು ಗೊತ್ತುಗುರಿಯಿಲ್ಲದೆ ಬದಲಿಸುತ್ತದೆ. ಸಾವಿರಾರು ಸಸಿಗಳಲ್ಲಿ ಬೇಕಾದ ಒಂದನ್ನು ಹೆಕ್ಕುವುದೇ ನಿಜವಾದ ಕೆಲಸ. ಪಪ್ಪಾಯಿಯ ‘ಪೂಸಾ ನನ್ಹಾ’ ನೋಡಿ: 150 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಗಾಮಾ ಕಿರಣ ತಾಗಿಸಿದ ಬೀಜದಿಂದ ಬಂದ ಗಿಡ್ಡ ತಳಿ. ನೆಲದಿಂದ ಸುಮಾರು ಒಂದಡಿ ಎತ್ತರದಲ್ಲೇ ಕಾಯಿ ಕಚ್ಚುತ್ತದೆ. 1.25 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 6,400 ಗಿಡ ಹಿಡಿಸುತ್ತವೆ. ಇಳುವರಿ ಏರುವುದು ಈ ಒತ್ತು ನಾಟಿಯಿಂದ.

ಕಿತ್ತಳೆ, ನಿಂಬೆಯಂಥ ಕಸಿ ಬೆಳೆಗಳಲ್ಲಿ ಕಿರಣ ಕೊಡುವುದು ಕಸಿ ಕಣ್ಣುಗಳಿಗೆ, ಅಂದರೆ ಕಸಿಗೆ ಬಳಸುವ ಕಡ್ಡಿಯ ಮೊಗ್ಗುಗಳಿಗೆ. ಮೊದಲು ಕೆಲವು ಕಡ್ಡಿಗಳ ಮೇಲೆ ಬೇರೆ ಬೇರೆ ಪ್ರಮಾಣ ಪರೀಕ್ಷಿಸಿ, ಅರ್ಧದಷ್ಟು ಸಾಯುವ ಮಟ್ಟ ಗುರುತಿಸಿಕೊಳ್ಳಿ. ಬಹಳ ಮಂದಿ ಎಡವುವುದು ಅದರ ನಂತರ: ಕಣ್ಣಿನ ಒಂದೆರಡು ಕೋಶಗಳಷ್ಟೇ ಬದಲಾಗಿರುವುದರಿಂದ ಚಿಗುರು ಮಿಶ್ರವಾಗಿರುತ್ತದೆ. ಅದರ ಕಣ್ಣು ತೆಗೆದು ಮೂರ್ನಾಲ್ಕು ಸಲ ಮರುಕಸಿ ಮಾಡದಿದ್ದರೆ ಹೊಸ ಗುಣ ನಿಲ್ಲದೆ ಗಿಡ ಹಳೆಯ ತಳಿಗೇ ಮರಳಬಹುದು.