ತಂತಿ ಎರಡು, ಯಜಮಾನರೂ ಇಬ್ಬರು

ಪ್ರಶ್ನೆ: ಅಡಿಕೆ ಡ್ರೈಯರ್‌ಗೆ ನಾನೇ ಒಂದು ಕಂಟ್ರೋಲ್ ಮಾಡಿಕೊಂಡಿದ್ದೇನೆ. ಎರಡು ಆರ್ಡ್ವಿನೋ ನ್ಯಾನೋ, ಅಂದರೆ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್. ಒಂದು ಶಾಖ ನೋಡಿ ಫ್ಯಾನ್ ನಡೆಸುತ್ತದೆ. ಇನ್ನೊಂದರ ಕೆಲಸ ಎಲ್‌ಸಿಡಿ ಮತ್ತು ಬಟನ್. ಡಿಎಸ್3231 ಗಡಿಯಾರದ ಮಾಡ್ಯೂಲ್‌ನಲ್ಲಿರುವ ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ನೆನಪಿನ ಚಿಪ್) ಸೆಟ್ಟಿಂಗ್ ಇಟ್ಟಿದ್ದೇನೆ. ಎರಡೂ ಬೋರ್ಡ್ ಅದೇ ಐ-ಟು-ಸಿ ತಂತಿಯಲ್ಲಿ (ಚಿಪ್‌ಗಳು ಮಾತಾಡಿಕೊಳ್ಳುವ ಎರಡು ತಂತಿಯ ಜಾಲ) ಅದನ್ನು ಓದುತ್ತವೆ, ಬರೆಯುತ್ತವೆ. 55 ಡಿಗ್ರಿ ಇಟ್ಟರೂ ಆಗಾಗ ಬೇರೇನೋ ಸಂಖ್ಯೆ ಬರುತ್ತದೆ. ಕರೆಂಟ್ ಹೋದರೆ ಅಡಾಪ್ಟರ್ ಮೇಲಿನ ಬೋರ್ಡ್ ಮಾತ್ರವಲ್ಲ, ಬ್ಯಾಟರಿ ಮೇಲಿನದೂ ನಿಂತುಬಿಡುತ್ತದೆ. ಇಇಪ್ರಾಮ್‌ಗೆ ಒಂದೇ ಬೋರ್ಡ್ ಬರೆಯುವ ಹಾಗೆ ಬೀಗ ಹಾಕಬಹುದೇ? — ಶಿರಸಿ ಕಡೆಯ ಬೆಳೆಗಾರರೊಬ್ಬರು

ಉತ್ತರ: ಕರೆಂಟಿನ ವಿಷಯ ಮೊದಲು ಮುಗಿಸೋಣ. ನ್ಯಾನೋದ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರತಿ ಪಿನ್ನಿನಿಂದ ವಿಸಿಸಿ (ಚಿಪ್‌ಗೆ ಕರೆಂಟ್ ಬರುವ ಪಿನ್) ಕಡೆಗೆ ಒಂದು ರಕ್ಷಣೆಯ ಡಯೋಡ್ ಇರುತ್ತದೆ. ಅಡಾಪ್ಟರ್ ಸತ್ತರೆ ಆ ಬೋರ್ಡಿನ ವಿಸಿಸಿ ಇಳಿಯುತ್ತದೆ. ಆಗ ಐ-ಟು-ಸಿಯ ಎಸ್‌ಡಿಎ (ಮಾಹಿತಿ), ಎಸ್‌ಸಿಎಲ್ (ತಾಳ) ಎರಡೂ ತಂತಿ ಆ ಡಯೋಡ್ ಮೂಲಕ ಕೆಳಗೆ ಎಳೆಯಲ್ಪಡುತ್ತವೆ. ಅಡಾಪ್ಟರ್ ಕಿತ್ತು, ಎಸ್‌ಡಿಎ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. 5 ವೋಲ್ಟ್ ಹತ್ತಿರ ಇರಬೇಕಾದದ್ದು ತೀರಾ ಕಡಿಮೆ ತೋರಿಸಿದರೆ ಇದೇ ಕಾರಣ. ಐ-ಟು-ಸಿ ನಡೆಸುವ ಆರ್ಡ್ವಿನೋದ ವೈರ್ ಲೈಬ್ರರಿಯಲ್ಲಿ ನೀವಾಗಿ ಟೈಮ್‌ಔಟ್ (ಕಾಯುವುದಕ್ಕೆ ಮಿತಿ) ಹಾಕದಿದ್ದರೆ ಅದು ತಂತಿ ಬಿಡುವಾಗುವವರೆಗೂ ಕಾಯುತ್ತಲೇ ಕೂರುತ್ತದೆ. ಬ್ಯಾಟರಿ ಬೋರ್ಡ್ ಹೆಪ್ಪುಗಟ್ಟುವುದು ಅದಕ್ಕೇ. ಎರಡಕ್ಕೂ ಒಂದೇ ಬ್ಯಾಟರಿಯಿಂದ 5 ವೋಲ್ಟ್ ಕೊಡಿ. ಟೈಮ್‌ಔಟನ್ನೂ ಹಾಕಿ.

ಇನ್ನು 55ರ ಕಥೆ. 1982ರಲ್ಲಿ ಫಿಲಿಪ್ಸ್ ಮಾಡಿದ ಐ-ಟು-ಸಿಯಲ್ಲಿ ಇಬ್ಬರು ಯಜಮಾನರು (ಮಾತು ಶುರು ಮಾಡುವ ಬೋರ್ಡ್‌ಗಳು) ಇರಬಹುದು, ತಪ್ಪಿಲ್ಲ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ತಂತಿಯೇ ತೀರ್ಮಾನ ಮಾಡುತ್ತದೆ. ತಂತಿಯನ್ನು ಯಾರು ಬೇಕಾದರೂ ಕೆಳಗೆ ಎಳೆಯಬಹುದು, ಮೇಲೆ ತಳ್ಳಲು ಯಾರಿಗೂ ಬರುವುದಿಲ್ಲ. ಮೇಲೆ ತರುವ ಕೆಲಸ ಪುಲ್‌ಅಪ್ ರೆಸಿಸ್ಟರ್‌ನದು. ನಾನು 1 ಎಂದು ಬಿಟ್ಟಾಗ ತಂತಿ 0 ತೋರಿಸಿದರೆ ಇನ್ನೊಬ್ಬ ಮಾತಾಡುತ್ತಿದ್ದಾನೆ ಎಂದು ಅರ್ಥ, ನಾನು ಹಿಂದೆ ಸರಿಯಬೇಕು. ಗೆದ್ದವನ ಒಂದು ಬಿಟ್ಟೂ ಕೆಡುವುದಿಲ್ಲ. ಬಹಳ ಜಾಣತನದ ಏರ್ಪಾಡು.

ಆದರೆ ಈ ಕಾವಲು ಒಂದು ಸರದಿ ಮುಗಿಯುವವರೆಗೆ ಮಾತ್ರ. ಸ್ಟಾಪ್, ಅಂದರೆ ಮಾತು ಮುಗಿಯಿತು ಎಂಬ ಸಂಕೇತ, ಕೊಟ್ಟ ಕೂಡಲೇ ಬಾಗಿಲು ಎಲ್ಲರಿಗೂ ತೆರೆದಿದೆ. ಇಇಪ್ರಾಮ್ ಓದುವುದೋ ಎರಡು ಹಂತದ ಕೆಲಸ. ಯಾವ ಜಾಗ ಅಂತ ಮೊದಲು ಹೇಳಬೇಕು, ಆಮೇಲೆ ಓದಬೇಕು. ನೀವು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡಕ ಹುಡುಕುವಷ್ಟರಲ್ಲಿ ಇನ್ನೊಬ್ಬರು ಬೆರಳನ್ನು ಬೇರೆ ಸಾಲಿಗೆ ಸರಿಸಿದ ಹಾಗೆ ಆಗುತ್ತದೆ. ಇಡೀ ಚಿಪ್‌ಗೆ ಇರುವುದು ಒಂದೇ ಬೆರಳು. ಮೊದಲ ಹಂತದ ಕೊನೆಯಲ್ಲಿ ವೈರ್ ಲೈಬ್ರರಿಯ ‘ಎಂಡ್‌ಟ್ರಾನ್ಸ್‌ಮಿಷನ್’ ಆಜ್ಞೆಗೆ ‘ಫಾಲ್ಸ್’ ಕೊಡಿ. ಆಗ ಸ್ಟಾಪ್ ಹೋಗುವುದಿಲ್ಲ, ಮಧ್ಯೆ ಯಾರೂ ನುಗ್ಗುವುದಿಲ್ಲ.

ಬರುವ ಸಂಖ್ಯೆ ಎಷ್ಟು ಅಂತ ನೀವು ಬರೆದಿಲ್ಲ. ಅದು ನಿಮ್ಮದೇ ಇನ್ನೊಂದು ಸೆಟ್ಟಿಂಗ್ ಆಗಿದ್ದರೆ ಮೇಲಿನದೇ ಕಾರಣ. 255 ಆಗಿದ್ದರೆ ಬೇರೆ. ಬರೆದ ಮೇಲೆ ಕೆಲವು ಮಿಲಿಸೆಕೆಂಡ್ ಇಇಪ್ರಾಮ್ ಯಾರಿಗೂ ಓಗೊಡುವುದಿಲ್ಲ. ಆಗ ಓದಲು ಹೋದರೆ ಲೈಬ್ರರಿ -1 ಕೊಡುತ್ತದೆ, ಅದನ್ನು ಬೈಟ್‌ನಲ್ಲಿ ಇಟ್ಟರೆ 255. ಎಂಡ್‌ಟ್ರಾನ್ಸ್‌ಮಿಷನ್ ವಾಪಸ್ ಕೊಡುವ ಅಂಕಿಯನ್ನು ನೋಡಿ. 0 ಬಂದರೆ ಸರಿ. 2 ಬಂದರೆ ಚಿಪ್ ಓಗೊಟ್ಟಿಲ್ಲ. ಸರದಿ ಸೋತರೆ 4. ಈ ಅಂಕಿಯನ್ನು ನೋಡುವವರೇ ಕಡಿಮೆ.

ಬೀಗ? ಐ-ಟು-ಸಿಯಲ್ಲಿ ಬೀಗ ಇಲ್ಲ. ಕಾರವಾರದಲ್ಲಿ ನನ್ನ ಬೆಂಚಿಗೆ ಬರುವುದು ಹೆಚ್ಚಾಗಿ ದೋಣಿಯ ಸಾಮಾನು. ದೋಣಿಗೆ ಹಾಕುವ ಎನ್‌ಎಂಇಎ 2000 ಜಾಲದಲ್ಲಿ ಪ್ರತಿ ಸಂದೇಶದೊಳಗೆ ಕಳಿಸಿದವರ ನಂಬರ್ ಇರುತ್ತದೆ. ಇಲ್ಲಿ ಕರೆಸಿಕೊಳ್ಳುವವರ ವಿಳಾಸ ಮಾತ್ರ ಇದೆ, ಕರೆದವರು ಯಾರು ಅಂತ ಚಿಪ್‌ಗೆ ಗೊತ್ತೇ ಆಗುವುದಿಲ್ಲ. ಹಾಗಿರುವಾಗ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ತಡೆಯುವುದು ಹೇಗೆ? ಇಇಪ್ರಾಮ್‌ಗೆ ಡಬ್ಲ್ಯೂಪಿ ಎಂಬ ಕಾಲು ಇದೆ, ಅದನ್ನು ವಿಸಿಸಿಗೆ ಸೇರಿಸಿದರೆ ಬರೆಯುವುದು ನಿಲ್ಲುತ್ತದೆ. ಆದರೆ ಇಬ್ಬರಿಗೂ ನಿಲ್ಲುತ್ತದೆ. ಎಟಿ24ಸಿ32 ಎಂಬ ಇಇಪ್ರಾಮ್‌ನ ಹಳೇ ಚಿಪ್‌ಗಳಲ್ಲಂತೂ ಈ ತಡೆ ನೆನಪಿನ ಮೇಲಿನ ನಾಲ್ಕನೇ ಒಂದು ಭಾಗಕ್ಕೆ ಮಾತ್ರ.

ನಾನಾದರೆ ಡ್ರೈಯರ್ ಬೋರ್ಡನ್ನು ಒಬ್ಬನೇ ಯಜಮಾನನನ್ನಾಗಿ ಮಾಡುತ್ತಿದ್ದೆ. ಬಟನ್ ಬೋರ್ಡಿಗೆ 8 ಅಂತ ಒಂದು ವಿಳಾಸ ಕೊಟ್ಟು, ಕೇಳಿದಾಗ ಮಾತ್ರ ಉತ್ತರಿಸುವ ಹಾಗೆ ಕೂರಿಸಿ. ಇಇಪ್ರಾಮ್, ಗಡಿಯಾರ, ಎಲ್‌ಸಿಡಿ ಎಲ್ಲ ಡ್ರೈಯರ್ ಬೋರ್ಡಿನ ಸುಪರ್ದಿಗೆ. ನಿಜ ಹೇಳಬೇಕೆಂದರೆ ನಾಲ್ಕು ಬಟನ್‌ಗೆ ಎರಡನೇ ನ್ಯಾನೋ ಸುಮ್ನೆ ದಂಡ. ಐ-ಟು-ಸಿ ಮೇಲೆ ಬಟನ್ ಓದಿಕೊಡುವ ಒಂದು ಪಿಸಿಎಫ್8574 ಚಿಪ್ ಸಾಕು, ಅಲ್ವಾ? ಬಟನ್ ಮನೆಯಲ್ಲಿ, ಡ್ರೈಯರ್ ಹಿತ್ತಲಲ್ಲಿ ಇದ್ದರೆ ಮಾತ್ರ ಎರಡು ಬೋರ್ಡ್ ಇರಲಿ, ಐ-ಟು-ಸಿ ಬಿಟ್ಟು ದೂರಕ್ಕೆ ಆಗುವ ಆರ್‌ಎಸ್-485 ತಂತಿ ಎಳೆಯಿರಿ.

ಪ್ರಶ್ನೆ: ಟೈಪ್-ಸಿ ಕೇಬಲ್‌ನಲ್ಲಿ ಎರಡು ಫೋನ್ ಸೇರಿಸಿದರೆ ಒಮ್ಮೆ ನನ್ನದು ಅಕ್ಕನ ಫೋನನ್ನು ಚಾರ್ಜ್ ಮಾಡುತ್ತದೆ, ಒಮ್ಮೆ ಅಕ್ಕನದು ನನ್ನದನ್ನು. ಯಾಕೆ? — ಅಂಕೋಲಾದ ಓದುಗರು

ಉತ್ತರ: ಎರಡೂ ಫೋನ್ ಕೊಡಲೂ ಬಲ್ಲವು, ತೆಗೆದುಕೊಳ್ಳಲೂ ಬಲ್ಲವು. ಕೇಬಲ್‌ನ ಸಿಸಿ ತಂತಿಯ ಮೇಲೆ ಎರಡೂ ಸರದಿ ಬದಲಿಸುತ್ತ ಇರುತ್ತವೆ. ಒಂದು ಕೊಡುವ ಸರದಿಯಲ್ಲಿದ್ದಾಗ ಇನ್ನೊಂದು ತೆಗೆದುಕೊಳ್ಳುವ ಸರದಿಯಲ್ಲಿ ಸಿಕ್ಕರೆ ಅಲ್ಲಿಗೆ ನಿಲ್ಲುತ್ತವೆ. ಅದೃಷ್ಟದ ಆಟವೇ. ಯುಎಸ್‌ಬಿ ನೋಟಿಫಿಕೇಶನ್ ಒತ್ತಿದರೆ ಬಹಳ ಫೋನ್‌ಗಳಲ್ಲಿ ಯಾವುದು ಚಾರ್ಜ್ ಆಗಬೇಕೆಂದು ಬದಲಿಸಲು ಬರುತ್ತದೆ.