ಚೆರ್ರಿ ಮರದ ಕವಲಿನಲ್ಲಿ ಬಿಳಿ ಗುಡಾರ: ಸುಡಬೇಕೇ?

ನ್ಯೂಜೆರ್ಸಿಯ ನಿಮ್ಮ ಹಿತ್ತಲಿನ ಚೆರ್ರಿ ಮರದ ಕವಲಿನಲ್ಲಿ ಏಪ್ರಿಲ್‌ನಿಂದ ಬಿಳಿ ಬಲೆ ಕಟ್ಟಿಕೊಂಡಿದೆ, ಒಳಗೆಲ್ಲ ಕಂಬಳಿಹುಳು, ಬೆಂಕಿ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಊರಿನಲ್ಲಿ ನುಗ್ಗೆ ಮರಕ್ಕೆ ಮೆತ್ತಿಕೊಂಡ ಕಂಬಳಿಹುಳುಗಳಿಗೆ ಪಂಜು ಹಿಡಿಯುವುದನ್ನು ನೋಡಿ ಬೆಳೆದ ನಾನು, ಇಲ್ಲಿನ ಮೊದಲ ವಸಂತದಲ್ಲಿ ಅದನ್ನೇ ಮಾಡಿದೆ. ತೊಗಟೆ ಸುಟ್ಟ ಕೊಂಬೆ ಒಣಗಿಯೇ ಹೋಯಿತು. ಹುಳು ಬೋಳಾಗಿಸಿದ್ದ ಕೊಂಬೆಗಳೆಲ್ಲ ಆ ಬೇಸಿಗೆಯಲ್ಲೇ ಮತ್ತೆ ಚಿಗುರಿದವು.

ಬೆನ್ನುದ್ದಕ್ಕೂ ಬಿಳಿ ಗೆರೆ, ಪಕ್ಕದಲ್ಲಿ ನೀಲಿ ಚುಕ್ಕೆಗಳಿದ್ದರೆ ಅದು ಮಲಕೊಸೋಮಾ ಅಮೆರಿಕಾನಮ್, ಗುಡಾರದ ಹುಳು. ಬೇಸಿಗೆಯ ಕೊನೆಯಲ್ಲಿ ಕೊಂಬೆಯ ತುದಿಗೆ ಬಲೆ ಸುತ್ತಿ, ಅದರೊಳಗೇ ಎಲೆ ತಿನ್ನುವ ಹುಳು ಬೇರೆ. ನಿಮ್ಮವು ಗುಡಾರದಲ್ಲಿ ಉಣ್ಣುವುದಿಲ್ಲ. ಬೆಳಗಿನ ಜಾವ, ಮಧ್ಯಾಹ್ನ, ಕತ್ತಲಾದ ಮೇಲೆ ಹೀಗೆ ಮೂರು ಹೊತ್ತು ಎಲೆ ಹುಡುಕಿ ಹೊರಡುತ್ತವೆ. ಹೊಟ್ಟೆ ತುಂಬಿದ ಹುಳು ಮರಳುವಾಗ ಕೊಂಬೆಯ ಮೇಲೆ ವಿಶೇಷ ವಾಸನೆಯ ಜಾಡು ಬಿಡುತ್ತದೆ. ಹಸಿದವು ಅದನ್ನೇ ಹಿಡಿದು ಅದೇ ಎಲೆಗೆ ಹೋಗುತ್ತವೆ. ಒಮ್ಮೆ ಕುಳಿತು ನೋಡಿ, ಕಣ್ಣು ಕೀಳಲಾಗುವುದಿಲ್ಲ. ಪೂರ್ತಿ ಬಲಿತ ಹುಳುಗಳಾದರೋ ರಾತ್ರಿ ಹೊತ್ತು ಮಾತ್ರ ಮೇಯುತ್ತವೆ.

ಆದ್ದರಿಂದ ತಣ್ಣನೆಯ ಮಳೆಯ ದಿನ, ಎಲ್ಲವೂ ಒಳಗಿರುವಾಗ, ಕೈಗವಸು ಹಾಕಿಕೊಂಡು ಗುಡಾರವನ್ನು ಕೋಲಿಗೆ ಸುತ್ತಿ ತೆಗೆದು ಸೋಪಿನ ನೀರಿಗೆ ಹಾಕಿ. ಎಳೆಯ ಮರವಾದರೆ ತಡಮಾಡಬೇಡಿ. ಅಕ್ಕಪಕ್ಕ ಗಬ್ಬದ ಕುದುರೆಗಳಿದ್ದರಂತೂ ಇದು ಸಣ್ಣ ವಿಷಯವಲ್ಲ: 2001ರಲ್ಲಿ ಕೆಂಟಕಿಯಲ್ಲಿ ಹುಲ್ಲಿನೊಂದಿಗೆ ಈ ಹುಳುಗಳನ್ನು ನುಂಗಿದ ಅನೇಕ ಕುದುರೆಗಳಿಗೆ ಗರ್ಭಪಾತವಾಯಿತು.

ನಿಜವಾದ ಕೆಲಸ ಇರುವುದು ಚಳಿಗಾಲದಲ್ಲಿ. ಬೇಸಿಗೆಯ ಆರಂಭದಲ್ಲಿ ಹೊರಬರುವ ಕಂದು ಪತಂಗ ಏನನ್ನೂ ತಿನ್ನುವುದಿಲ್ಲ. ಪೆನ್ಸಿಲ್ ದಪ್ಪದ ರೆಂಬೆಗಳ ಸುತ್ತ ಇನ್ನೂರು ಮುನ್ನೂರು ಮೊಟ್ಟೆ ಇಟ್ಟು ಸಾಯುತ್ತದೆ. ಕೆಲವೇ ವಾರಗಳಲ್ಲಿ ಮೊಟ್ಟೆಯೊಳಗೆ ಮರಿ ರೂಪುಗೊಂಡರೂ ಅದು ಮುಂದಿನ ವಸಂತದ ಮೊಗ್ಗಿಗಾಗಿ ಕಾಯುತ್ತದೆ. ಎಲೆ ಉದುರಿದ ಮೇಲೆ ವಾರ್ನಿಷ್ ಬಳಿದಂತೆ ಹೊಳೆಯುವ ಆ ಕಪ್ಪು ಬಳೆಗಳನ್ನು ಹುಡುಕಿ ಕತ್ತರಿಸಿ.

ಕೈಗೆ ಎಟುಕದ ಎತ್ತರದ ಗುಡಾರವನ್ನು ನಾನು ಹಾಗೆಯೇ ಬಿಡುತ್ತೇನೆ. ರೋಮವಿರುವ ಹುಳುವನ್ನು ಹೆಚ್ಚಿನ ಹಕ್ಕಿಗಳು ಮುಟ್ಟುವುದಿಲ್ಲ. ಇಲ್ಲಿನ ಹಳದಿ ಕೊಕ್ಕಿನ ಕೋಗಿಲೆಗೆ ಮಾತ್ರ ಅದು ಮೆಚ್ಚಿನ ಊಟ.